ಸುಟ್ಟ ಸಬ್‌ಮರ್ಸಿಬಲ್, ಹಳೇ ಇನ್ವರ್ಟರ್, ಕೆಟ್ಟ ಓವನ್: ಯಾವುದನ್ನ ಬಿಚ್ಚಬೇಕು, ಯಾವುದಕ್ಕ ಕೈ ಹಚ್ಚಬಾರದು?

ಲೋಕಾಪುರ ರೈತ

ಶೆಡ್ಡಿನ್ಯಾಗ ಕೂಡಿಬಿದ್ದ ಸಾಮಾನು ಇಷ್ಟು: ಸುಟ್ಟ 7.5 ಎಚ್‌ಪಿ ವಿ6 ಸಬ್‌ಮರ್ಸಿಬಲ್ (ಆರು ಇಂಚಿನ ಬೋರಿನ್ಯಾಗ ಇಳಿಸೋ ಮೋಟರ್, ಒಳಗ ನೀರು ತುಂಬೋದು), 1 ಎಚ್‌ಪಿ ಸಿಂಗಲ್ ಫೇಸ್ ವಿ4 (ನಾಲ್ಕು ಇಂಚಿನ ಬೋರಿನದು) ಮೋಟರ್ ಅದನ್ನ ಚಾಲೂ ಮಾಡೋ ಪ್ಯಾನೆಲ್ ಸಹಿತ, 4 ಚದರ ಮಿ.ಮೀ. ಮೂರು ಕೋರ್ ಚಪ್ಪಟಿ ಕೇಬಲ್ 500 ಫೂಟ್, ಹಳೇ ಸ್ಟಾರ್ಟರ್ ಎರಡು, ಇನ್ವರ್ಟರ್, ಅದರ 150 ಎಎಚ್ ಬ್ಯಾಟರಿ, ಮೈಕ್ರೋವೇವ್ ಓವನ್, ಡಬ್ಬಿ ಟಿವಿ, ಒಂದು ಫ್ರಿಜ್. ಮೋಡಕಾದವ್ರು (ಗುಜರಿಯವ್ರು) ಎಲ್ಲಾ ಕೂಡಿಸಿ ಒಂದ ರೇಟು ಹೇಳ್ತಾರ. ತಾಮ್ರ ಬ್ಯಾರೆ, ಬೀಡು (ಎರಕದ ಕಬ್ಬಿಣ) ಬ್ಯಾರೆ ಮಾಡಿ ಹಾಕಿದ್ರ ಛಲೋ ಅಂತ ಗೊತ್ತೈತಿ. ಆದ್ರ ಮನ್ಯಾಗ ಯಾವುದನ್ನ ಬಿಚ್ಚಬಹುದು, ಯಾವುದನ್ನ ಬಿಚ್ಚಬಾರದು ಅನ್ನೋದು ತಿಳಿಯವಲ್ದು. ಕೇಬಲ್ ಸುಟ್ಟು ತಾಮ್ರ ತಗಿಯೋದು ಸಲೀಸು ಅಂತಾರ, ಖರೇನ?

ವೈಂಡಿಂಗ್ ಗೋಕಾಕ

ಸುಡಬ್ಯಾಡ್ರಿ ಅಣ್ಣಾರ. ಮೊದಲ ಲೆಕ್ಕ ನೋಡ್ರಿ. 4 ಚದರ ಮಿ.ಮೀ. ಮೂರು ಕೋರ್ ಅಂದ್ರ 12 ಚದರ ಮಿ.ಮೀ. ತಾಮ್ರ. ತಾಮ್ರದ ಸಾಂದ್ರತೆ 8.96, ಅಂದ್ರ ಮೀಟರಿಗೆ 107 ಗ್ರಾಮಿನಷ್ಟು ಬರ್ತೈತಿ. 500 ಫೂಟ್ ಅಂದ್ರ 152 ಮೀಟರ್. ಒಟ್ಟು 16 ಕಿಲೋದ ಮ್ಯಾಲ. ಈ 16 ಕಿಲೋ ಕೆಂಪಗ ಹೊಳೀತಿದ್ರ ಮೊದಲನೇ ದರ್ಜೆ. ಸುಟ್ರ ಎಳಿ ಕರ್ರಗಾಗಿ, ಮುಟ್ಟಿದ್ರ ಪುಡಿ ಉದುರಿ, ಎರಡನೇ ದರ್ಜೆಗೆ ಇಳೀತೈತಿ. ಸಣ್ಣ ಎಳಿ ಇದ್ದಷ್ಟು ಸುಟ್ಟು ಹೋಗೋ ತೂಕಾನೂ ಹೆಚ್ಚು.

ಹೊಗಿ ಬಗ್ಗೆ ಇನ್ನೂ ಗಂಭೀರ ಐತಿ. ಪಿವಿಸಿ ರಾಳದ ತೂಕದಾಗ ಅರ್ಧಕ್ಕಿಂತ ಹೆಚ್ಚು ಕ್ಲೋರಿನ್. ಬೆಂಕಿ ಹತ್ತಿದ ಕೂಡ್ಲೆ ಅದು ಹೈಡ್ರೋಜನ್ ಕ್ಲೋರೈಡ್ ಆಗಿ ಕಣ್ಣು, ಗಂಟಲು, ಪುಪ್ಪುಸ ಸುಡ್ತೈತಿ. ಬಿಸಿ ತಾಮ್ರ ಬಾಜೂಕಿದ್ರ ಡೈಆಕ್ಸಿನ್ ಅನ್ನೋ ವಿಷ ಹುಟ್ಟೋದು ಇನ್ನೂ ಸಲೀಸು. ಆ ಮಸಿ ಕಣಕಿ, ಮೇವಿನ ಮ್ಯಾಲ ಕುಂತು ಎಮ್ಮಿ ಹಾಲಿನ ಕೊಬ್ಬಿನ್ಯಾಗ ಸೇರ್ತೈತಿ. ಹಳೇ ಪಿವಿಸಿಯೊಳಗ ಸೀಸನೂ ಕೂಡಿಸಿರ್ತಾರ, ಸುಟ್ಟ ಬೂದಿ ಹೊಲದಾಗ ಉಳೀತೈತಿ.

ಸುಲಿಯೋದು ಹಿಂಗ. ಎರಡು ಫೂಟ್ ಉದ್ದದ ದಪ್ಪ ಹಲಗಿ ತಗೊಂಡು ಕೇಬಲ್ ಸರಾಗ ಜಾರೋಷ್ಟು ಅಗಲದ ಗಾಡಿ (ಕಾಲುವಿಯಂಥ ತಗ್ಗು) ಕೊರೀರಿ. ಗಾಡಿ ಮ್ಯಾಲ ಕಟರ್ ಬ್ಲೇಡು ಓರೆಯಾಗಿ ಎರಡು ಸ್ಕ್ರೂ, ಒಂದು ಪಟ್ಟಿ ಹಾಕಿ ಬಿಗೀರಿ. ಬ್ಲೇಡಿನ ತುದಿ ಹೊರಗಿನ ಕವಚ ಸೀಳಬೇಕು, ತಾಮ್ರ ಮುಟ್ಟಬಾರದು. ಕೇಬಲ್ 6 ಫೂಟಿನ ತುಂಡು ಮಾಡಿ, ತುದೀನ ಪಕ್ಕಡದಾಗ ಹಿಡಿದು ಎಳೀರಿ. ಚಾಕು ಕೈಯಾಗ ಹಿಡಿದು ಕೇಬಲ್ ಮ್ಯಾಲ ಓಡಸಬ್ಯಾಡ್ರಿ, ಹೆಬ್ಬಟ್ಟು ಹೋಗೋದು ಅಲ್ಲೇ. ಬ್ಲೇಡು ಜಾಗ ಬಿಡಬಾರದು, ಕೇಬಲ್ ಅಷ್ಟ ಸರೀಬೇಕು. ಮಧ್ಯಾಹ್ನ ಒಂದು ತಾಸು ಬಿಸಲಾಗ ಇಟ್ಟು ಸುಲದ್ರ ಪಿವಿಸಿ ಮೆತ್ತಗಾಗಿ ಬಾಳೆಹಣ್ಣಿನ ಸಿಪ್ಪಿ ಬಂದಂಗ ಬರ್ತೈತಿ. ಹೊರಗಿನ ಕವಚ ತಗದ ಮ್ಯಾಲ ಒಂದೊಂದ ಕೋರ್ ಬ್ಯಾರೆ ಗಾಡಿಯೊಳಗ ಹಾಕ್ರಿ.

ಗೋಳಗುಮ್ಮಟ ಟೆಕ್

ವಿಜಯಪುರದ ಕಡೆಯಿಂದ ಒಂದು ಮಾತು ಸೇರಿಸ್ತೀನ್ರಿ. ಕೇಬಲ್, ಸ್ಟಾರ್ಟರ್ ಇನ್ನೂ ಗೋಡೆ ಮ್ಯಾಲ, ಕಂಬದ ಮ್ಯಾಲ ಇದ್ರ ಮೊದಲ ಅದನ್ನ ಲೈನಿನಿಂದ ಬಿಡಿಸೋದರ ವಿಚಾರ ಮಾಡ್ಬೇಕು. ಪಂಪ್‌ಸೆಟ್ ಫೀಡರಿಗೆ ಪಾಳಿ ಪ್ರಕಾರ ಕರೆಂಟ್ ಬರ್ತದ. ಮಧ್ಯಾಹ್ನ ಕರೆಂಟ್ ಇಲ್ಲ ಅಂತ ಸ್ಟಾರ್ಟರ್ ಬಿಚ್ಚಾಕ ಕುಂತ್ರ, ಪಾಳಿ ಬದಲಾದ ಕೂಡ್ಲೆ ಕೈಯಾಗಿನ ವೈರಿನೊಳಗ 415 ವೋಲ್ಟ್ ಬಂದು ನಿಲ್ಲತದ. ಆಟೋ ಸ್ವಿಚ್ ಹಾಕಿದ್ದ ಸ್ಟಾರ್ಟರ್ ಅಂತೂ ತಾನ ಒತ್ತಿಕೊಂಡು ಬಿಡ್ತದ.

ಅದಕ್ಕ ಮೇನ್ ಸ್ವಿಚ್ ಕೆಳಗ ಮಾಡಿ, ಮೂರೂ ಫ್ಯೂಸ್ ಕಿತ್ತು ಕಿಸೇದಾಗ ಹಾಕ್ಕೋಬೇಕು. ಒಂದು ಫ್ಯೂಸ್ ತಗದ್ರ ಸಾಲದು, ಮೋಟರ್ ಇನ್ನೂ ಜೋಡಿಸಿದ್ರ ಉಳಿದ ಫೇಸಿನ ಕರೆಂಟ್ ವೈಂಡಿಂಗ್ ಹಾದು ಖಾಲಿ ಫೇಸಿಗೂ ಬರ್ತದ. ಆಮೇಲೆ ಮಲ್ಟಿಮೀಟರ್ 750 ವೋಲ್ಟ್ ಎಸಿಗೆ ಇಟ್ಟು ಫೇಸಿಂದ ಫೇಸಿಗೆ ಮೂರು ಸಲ, ಫೇಸಿಂದ ಅರ್ತಿಗೆ ಮೂರು ಸಲ ನೋಡ್ರಿ. ಮೀಟರ್ ಸರಿ ಅದನೋ ಇಲ್ಲೋ ಅನ್ನೋದನ್ನ ಕರೆಂಟ್ ಇರೋ ಸಾಕೆಟ್ಟಿನ್ಯಾಗ ಮೊದಲೂ ಕಡೀಕೂ ಪರೀಕ್ಷೆ ಮಾಡ್ರಿ. ಟೆಸ್ಟರ್ ಬೆಳಕು ಹತ್ತಲಿಲ್ಲ ಅನ್ನೋದು ಪುರಾವೆ ಅಲ್ಲ.

ಇನ್ನ 1 ಎಚ್‌ಪಿ ಪ್ಯಾನೆಲ್. ಒಳಗ ಎರಡು ಕೆಪಾಸಿಟರ್ (ಕರೆಂಟಿನ ಚಾರ್ಜ್ ಕೂಡಿಟ್ಟುಕೊಳ್ಳೋ ಡಬ್ಬಿ) ಇರ್ತಾವ. ಕಪ್ಪು ಡಬ್ಬಿ ಸ್ಟಾರ್ಟಿನದು, ಸಾಮಾನ್ಯವಾಗಿ 120–150 ಮೈಕ್ರೋಫ್ಯಾರಡ್. ಇನ್ನೊಂದು ರನ್ನಿಂಗಿನದು, 36 ರಿಂದ 50, ಮ್ಯಾಲ 440 ವೋಲ್ಟ್ ಅಂತ ಬರ್ದಿರ್ತದ. ಲೈನ್ ಬಿಡಿಸಿ ವಾರ ಆದ್ರೂ ಇವುಗಳೊಳಗ ಚಾರ್ಜ್ ಉಳಿದಿರಬಹುದು. ತಿಳಿದವ್ರು ಖಾಲಿ ಮಾಡದ ಮುಟ್ಟಂಗಿಲ್ಲ.

ಕೃಷ್ಣಾದಂಡಿ

ಕೆಪಾಸಿಟರ್ ತುದಿ ಎರಡಕ್ಕೂ ಸ್ಕ್ರೂಡ್ರೈವರ್ ಹಚ್ಚಿದ್ರ ಟಪ್ ಅಂತ ಖಾಲಿ ಆಗ್ತೈತಲ್ರಿ. ಎಲ್ಲಾರೂ ಹಂಗ ಮಾಡ್ತಾರ. ಅದಕ್ಕ ಇಷ್ಟು ದೊಡ್ಡ ವಿಧಾನ ಯಾಕ?

ಗೋಳಗುಮ್ಮಟ ಟೆಕ್

ಮೂರು ಕಾರಣ ಅವ, ಕಾಕಾ. ಆ ಟಪ್ ಅನ್ನೋ ಕಿಡಿಯೊಳಗ ಸ್ಕ್ರೂಡ್ರೈವರಿನ ತುದಿ ಕರಗಿ ಸಣ್ಣ ಹನಿ ಹಾರ್ತದ, ಮುಖ ಬಾಗಿಸಿ ನೋಡವ್ರ ಕಣ್ಣಿಗೆ ನೇರ. ಎರಡನೇದು, ರನ್ನಿಂಗಿನ ಫಿಲ್ಮ್ ಕೆಪಾಸಿಟರಿನ ಒಳಗಿನ ತೆಳ್ಳನ್ನ ಲೋಹದ ಪದರು ಆ ಒಂದು ಸೆಳೆತಕ್ಕ ತುದಿಯಲ್ಲಿ ಬಿಟ್ಟುಕೊಳ್ತದ. ಮತ್ತೊಂದು ಪ್ಯಾನೆಲ್ಲಿಗೆ ಹಾಕಬಹುದಾಗಿದ್ದ ಮಾಲು ಅಲ್ಲೇ ಕೆಡ್ತದ. ಮೂರನೇದು, ಒಂದು ಸಲ ಶಾರ್ಟ್ ಮಾಡಿ ಬಿಟ್ರ ಸ್ವಲ್ಪ ಹೊತ್ತಿಗೆ ಒಳಗಿನ ಪದರಿನಿಂದ ಚೂರು ಚಾರ್ಜ್ ತಿರುಗಿ ತುದಿಗೆ ಬರ್ತದ. ಖಾಲಿ ಆಗ್ಯದ ಅಂತ ನಂಬಿ ಹಿಡಿದವ್ರಿಗೆ ಅದು ಹೊಡೀತದ.

ಮಾಡ್ಬೇಕಾದ್ದು ಇಷ್ಟ. 10 ಕಿಲೋಓಮ್, 10 ವ್ಯಾಟ್ ವೈರ್‌ವೌಂಡ್ ರೆಸಿಸ್ಟರ್ ಒಂದು ತಗೋರಿ. ಎರಡೂ ತುದಿಗೆ ವೈರ್ ಬೆಸೆದು, ಸ್ಲೀವ್ ಹಾಕಿ, ಮೊಸಳಿ ಕ್ಲಿಪ್ ಜೋಡಿಸ್ರಿ. 50 ಮೈಕ್ರೋಫ್ಯಾರಡಿಗೆ 10 ಕಿಲೋಓಮ್ ಅಂದ್ರ ಅರ್ಧ ಸೆಕೆಂಡಿನ ಲೆಕ್ಕ, ಅದರ ಐದು ಪಟ್ಟು ಎರಡೂವರೆ ಸೆಕೆಂಡಿನ್ಯಾಗ ಬಹುತೇಕ ಖಾಲಿ. ನೀವು 10 ಸೆಕೆಂಡ್ ಹಿಡೀರಿ. 150 ಮೈಕ್ರೋಫ್ಯಾರಡಿಗೆ 30 ಸೆಕೆಂಡ್. ಆಮೇಲೆ ಮೀಟರ್ ಡಿಸಿಗೆ ಇಟ್ಟು ಸೊನ್ನೆ ಹತ್ತಿರ ಬಂದದನೋ ನೋಡಿ, ಎರಡು ತುದಿಗೂ ಸಣ್ಣ ತಾಮ್ರದ ತಂತಿ ಸುತ್ತಿ ಇಟ್ಟುಬಿಡ್ರಿ. ಇನ್ವರ್ಟರ್, ಕಂಪ್ಯೂಟರ್ ಸಪ್ಲೈ ಒಳಗಿನ 400 ವೋಲ್ಟಿನ ದಪ್ಪ ಕೆಪಾಸಿಟರಿಗೂ ಇದ ದಾರಿ. 330 ಮೈಕ್ರೋಫ್ಯಾರಡ್ 325 ವೋಲ್ಟಿಗೆ ತುಂಬಿದ್ರ ಅದರಾಗ 17 ಜೂಲ್ ಶಕ್ತಿ ಇರ್ತದ, ಪ್ಯಾನೆಲ್ಲಿನದಕ್ಕಿಂತ ಅದು ಅಪಾಯ.

ಖಾಲಿ ಮಾಡಿದ ರನ್ನಿಂಗ್ ಕೆಪಾಸಿಟರ್ ಮೀಟರಿನ್ಯಾಗ ಅಳೀರಿ. ಬರ್ದ ಸಂಖ್ಯೆಗಿಂತ 5 ಪ್ರತಿಶತದೊಳಗ ಇದ್ರ, ಉಬ್ಬಿಲ್ಲ, ಸೋರಿಲ್ಲ ಅಂದ್ರ ಮತ್ತ ಬಳಸಬಹುದು. ಉಬ್ಬಿದ್ದನ್ನ ಬಿಚ್ಚಬ್ಯಾಡ್ರಿ. ಹಳೇ ಕಾಲದ ಎಣ್ಣಿ ತುಂಬಿದ ದೊಡ್ಡ ತಗಡಿನ ಕೆಪಾಸಿಟರ್ ಸಿಕ್ರ ಒಡಿಲೇಬ್ಯಾಡ್ರಿ, ಅಂಥವುಗಳೊಳಗ ಪಿಸಿಬಿ ಅನ್ನೋ ವಿಷದ ಎಣ್ಣಿ ಇರಬಹುದು.

ವೈಂಡಿಂಗ್ ಗೋಕಾಕ

ಈಗ 7.5 ಎಚ್‌ಪಿ ವಿ6. ನಿಮ್ಮ ಪಟ್ಟಿಯೊಳಗ ಮಾಲು ಹೆಚ್ಚು ಇರೋದು, ಅಪಾಯ ಕಡಿಮಿ ಇರೋದು ಇದರಾಗ. ನೀರು ತುಂಬೋ ಮೋಟರಿಗೆ ವಾರ್ನಿಷ್ ಹಾಕಿರಂಗಿಲ್ಲ. ತಂತಿ ಮ್ಯಾಲ ಪ್ಲಾಸ್ಟಿಕ್ ಫಿಲ್ಮ್ ಸುತ್ತಿರ್ತಾರ, ಸ್ಲಾಟಿನ್ಯಾಗ (ತಂತಿ ಕೂಡ್ರಿಸೋ ಸಂದಿಯೊಳಗ) ಒಂದೊಂದ ಸುತ್ತು ಎಳದು ತುಂಬಿರ್ತಾರ. ಹಾಕಿದ ದಾರೀಲೇ ತಗಿಯಾಕೂ ಬರ್ತೈತಿ. ಬೆಂಕಿ ಬ್ಯಾಡ, ಗ್ಯಾಸ್ ಕಟರ್ ಬ್ಯಾಡ.

ಪಂಪ್ ಬ್ಯಾರೆ ಮಾಡಿ ಮೋಟರ್ ನಿಲ್ಲಿಸ್ರಿ, ಪ್ಲಗ್ ತಗದು ನೀರು ಇಳಿಸ್ರಿ. ಕೆಳಗಿನ ಕವಚದ ಬೋಲ್ಟ್ ಬಿಚ್ಚಿದ್ರ ರಬ್ಬರ್ ಡಯಾಫ್ರಮ್, ಥ್ರಸ್ಟ್ ಬೇರಿಂಗಿನ ಕಾರ್ಬನ್ ತಟ್ಟಿ, ಅದರ ಕೆಳಗಿನ ಸ್ಟೀಲ್ ತುಂಡುಗಳು ಹೊರಗ ಬರ್ತಾವು. ಕಾರ್ಬನ್ ಸೀಳದ ಇದ್ರ ವೈಂಡಿಂಗ್ ಅಂಗಡ್ಯಾಗ ಅದಕ್ಕ ಬೆಲೆ ಐತಿ, ಸುತ್ತಿಗಿ ಹಚ್ಚಬ್ಯಾಡ್ರಿ. ಮ್ಯಾಲಿನ ಹೌಸಿಂಗ್ ತಗದು ರೋಟರ್ (ಒಳಗ ತಿರುಗೋ ಭಾಗ) ನೇರವಾಗಿ ಎತ್ತಬೇಕು, ಓರೆ ಎಳದ್ರ ಬುಷ್ ಕಚ್ಚಿಕೊಳ್ತೈತಿ. ಬುಷ್ ಕೆಂಪು ಹಳದಿ ಇದ್ರ ಗನ್ ಮೆಟಲ್ (ತಾಮ್ರ, ತವರದ ಮಿಶ್ರಲೋಹ), ಅದನ್ನ ಬ್ಯಾರೆ ಡಬ್ಬಿಗೆ ಹಾಕ್ರಿ.

ಭಾಳ ಮಂದಿ ರೋಟರನ್ನ ಕಬ್ಬಿಣದ ತೂಕಕ್ಕ ಹಾಕಿಬಿಡ್ತಾರ. ಇಂಥಾ ವಿ6 ರೋಟರಿನ್ಯಾಗ ಅಲ್ಯೂಮಿನಿಯಂ ಬದಲಿ ತಾಮ್ರದ ಸಳಿ, ಎರಡೂ ಕಡೆ ತಾಮ್ರದ ಬಳಿ ಇರೋದು ಸಾಮಾನ್ಯ. ಬಳಿ ಮ್ಯಾಲ ಅರ ತಿಕ್ಕಿ ನೋಡ್ರಿ, ಕೆಂಪಗ ಕಂಡ್ರ ತಾಮ್ರ. ಹ್ಯಾಕ್ಸಾದಿಂದ ಎರಡೂ ಬಳಿ ಕೊಯ್ದು, ಸಳಿಗಿಂತ ಸಣ್ಣ ಗಟ್ಟಿ ಪಂಚ್ ಇಟ್ಟು ಒಂದೊಂದ ಸಳಿ ಹೊಡದು ದೂಡ್ರಿ. ಬೆಸುಗೆ ಕರಗಿಸಿ ತಗೀಬೇಕಂತ ಗ್ಯಾಸ್ ಹಚ್ಚಬ್ಯಾಡ್ರಿ. ಹಳೇ ಬೆಳ್ಳಿ ಬೆಸುಗೆಯೊಳಗ ಕ್ಯಾಡ್ಮಿಯಂ ಇರಬಹುದು, ಅದರ ಹೊಗಿ ಮೊದಲ ದಿನ ಥಂಡಿ ಜ್ವರ ಬಂದಂಗ ಅನಿಸಿ ಆಮೇಲೆ ಪುಪ್ಪುಸ ತುಂಬ್ತೈತಿ.

ಸ್ಟೇಟರ್ (ತಂತಿ ಸುತ್ತಿದ, ತಿರುಗದ ಭಾಗ): ಒಂದು ಕಡಿ ವೈಂಡಿಂಗ್ ತಲಿ (ಸ್ಲಾಟಿನ ಹೊರಗ ಕಾಣೋ ಸುರುಳಿ) ಪೂರ್ತಿ ಕತ್ತರಸ್ರಿ. ಸ್ಲಾಟಿನ ಬಾಯಿಗಿ ಬಡದಿರೋ ಬೆಣೆ ಮೊದಲು ಹೊರಗ ಬರಬೇಕು. ಆಮೇಲೆ ಇನ್ನೊಂದು ಕಡೆಯಿಂದ ಪಕ್ಕಡದಾಗ ಎರಡು ಮೂರು ಎಳಿ ಹಿಡಿದು ಎಳೀರಿ. ಸುಟ್ಟ ಜಾಗದಾಗ ಫಿಲ್ಮ್ ಕರಗಿ ತಂತಿ ಒಂದಕ್ಕೊಂದು ಅಂಟಿರ್ತೈತಿ. ಆ ಸ್ಲಾಟ್ ಕಡೀಕ ಇಟ್ಟುಕೊಳ್ರಿ. ತಂತಿ ಮ್ಯಾಲಿನ ಫಿಲ್ಮ್ ಉಗುರಿಂದ ಬಿಡಿಸಿದ್ರ ಸುರುಳಿಯಾಗಿ ಬರ್ತೈತಿ.

ಇಂಪೆಲ್ಲರ್ (ನೀರು ತಳ್ಳೋ ಚಕ್ರ) ಹಳೇ ಪಂಪಿನ್ಯಾಗ ಗನ್ ಮೆಟಲ್, ಹೊಸದರಾಗ ಪ್ಲಾಸ್ಟಿಕ್. ಶಾಫ್ಟಿಗೆ ಅಯಸ್ಕಾಂತ ಹಿಡದ್ರ ಅದು 410 ಜಾತಿ ಸ್ಟೀಲ್ ಇರಬಹುದು, ಹೊರಗಿನ ಕೊಳವಿಗೆ ಹಿಡಿಯಲಿಲ್ಲ ಅಂದ್ರ 304 ಇಲ್ಲಾ 202. ಎರಡನ್ನೂ ಕೂಡಿಸಬ್ಯಾಡ್ರಿ.

ಬನಹಟ್ಟಿ ಮಗ್ಗ

ರಬಕವಿ-ಬನಹಟ್ಟಿ ಕಡೆ ಮಗ್ಗದ ಮೋಟರ್, ನಿಮ್ಮ ವಿ4 (ಎಣ್ಣಿ ತುಂಬಿದ್ದಿದ್ರ), ಸೀಲಿಂಗ್ ಫ್ಯಾನ್, ಮಿಕ್ಸರ್ ಇವೆಲ್ಲಾ ಎನಾಮಲ್ (ಬಣ್ಣದಂಥ ತೆಳ್ಳನ್ನ ಪದರು) ತಂತಿಯವು, ವಾರ್ನಿಷ್ ಹಾಕಿ ಗಟ್ಟಿ ಮಾಡಿರ್ತಾರ. ಎಳದ್ರ ಬರಂಗಿಲ್ಲ. ಚಾಣ ಇಟ್ಟು ಒಂದು ಕಡಿ ತಲಿ ಸ್ಟೇಟರಿನ ಮಟ್ಟಕ್ಕ ಸಮ ಕಡೀರಿ. ಕಡದ ಕಡೆಯಿಂದ ಸ್ಲಾಟಿಗಿ ಸರಿಯಾಗೋ ಚಪ್ಪಟಿ ಸಳಿ ಇಟ್ಟು ಹೊಡದ್ರ ಇಡೀ ಗಂಟು ಆ ಕಡೆ ಜಾರ್ತೈತಿ. ಕನ್ನಡಕ ಇಲ್ಲದ ಚಾಣ ಹೊಡಿಬ್ಯಾಡ್ರಿ, ಅಣಬಿ ಹಂಗ ಅರಳಿದ ಚಾಣದ ತಲಿ ಉಜ್ಜಿ ಸಮ ಮಾಡಿಕೊಳ್ರಿ, ಇಲ್ಲಂದ್ರ ಅದರ ಚೂರ ಹಾರೋದು.

ಒಂದು ಮಾತು ಗಟ್ಟಿ ನೆನಪಿಡ್ರಿ: ಸ್ಟೇಟರನ್ನ ಇನ್ನೊಮ್ಮೆ ವೈಂಡಿಂಗಿಗೆ ಕೊಡೋದಿದ್ರ ಬೆಂಕ್ಯಾಗ ಹಾಕಿ ವಾರ್ನಿಷ್ ಸುಡಬ್ಯಾಡ್ರಿ. 350 ಡಿಗ್ರಿ ದಾಟಿ ಕಾದ್ರ ತಗಡಿನ ನಡುವಿನ ಪದರು ಕೆಡ್ತೈತಿ. ಆಮೇಲೆ ಎಷ್ಟು ಛಲೋ ಸುತ್ತಿದ್ರೂ ಮೋಟರ್ ಖಾಲಿ ಓಡಿದ್ರೂ ಕಾಯ್ತೈತಿ.

ಸುಲಿಯೋದಕ್ಕಿಂತ ಮೊದಲ ತಂತಿ ತಾಮ್ರ ಹೌದನೋ ನೋಡ್ರಿ. ಎನಾಮಲ್ ಕೆಂಪಗ ಇದ್ರ ಕಣ್ಣಿಗೆ ಎಲ್ಲಾ ತಾಮ್ರಾನ. ಬ್ಲೇಡಿಂದ ಕೆರೀರಿ, ಬೆಳ್ಳಗ ಕಂಡ್ರ ಅಲ್ಯೂಮಿನಿಯಂ. ಕೆಂಪಗ ಕಂಡ್ರೂ ಬಿಡಬ್ಯಾಡ್ರಿ, ತುದಿ ಓರೆ ಕತ್ತರಿಸಿ ನಡಕ ನೋಡ್ರಿ. ಹೊರಗ ಕೆಂಪು, ನಡಕ ಬಿಳಿ ಇದ್ರ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ತೂಕಕ್ಕೂ ತಿಳೀತೈತಿ: ಅಷ್ಟ ಗಾತ್ರದ ತಾಮ್ರದ ಉಂಡಿ ಅಲ್ಯೂಮಿನಿಯಂ ಉಂಡಿಗಿಂತ ಮೂರು ಪಟ್ಟಿಗೂ ಮ್ಯಾಲ ಭಾರ. ಸ್ಟೆಬಿಲೈಸರ್ ಟ್ರಾನ್ಸ್‌ಫಾರ್ಮರಿನ್ಯಾಗ ಈ ಮೋಸ ಹೆಚ್ಚು.

ವಿ4 ನೀರಿಂದಲ್ಲ, ಎಣ್ಣಿ ತುಂಬಿದ್ದಿದ್ರ ಎಣ್ಣಿ ಕ್ಯಾನಿನ್ಯಾಗ ಹಿಡೀರಿ. ಬಾವಿ ದಂಡಿಗಿ ಚೆಲ್ಲಬ್ಯಾಡ್ರಿ.

ಉದ್ಯಮಬಾಗ ಫೌಂಡ್ರಿ

ಬೆಳಗಾವಿಯ ಫೌಂಡ್ರಿ ಕಡೆಯಿಂದ ನೋಡಿದಾಗ ಸ್ಟೇಟರಿನ ಸಿಲಿಕಾನ್ ಸ್ಟೀಲ್ ತಗಡು ಒಳ್ಳೆಯ ಮಾಲು. ಮ್ಯಾಂಗನೀಸ್ ಕಡಿಮೆ, ಸಿಲಿಕಾನ್ ಇದೆ, ಇಂಡಕ್ಷನ್ ಫರ್ನೇಸಿಗೆ (ಕರೆಂಟಿನಿಂದ ಕಬ್ಬಿಣ ಕರಗಿಸುವ ಕುಲುಮೆ) ಸಲೀಸು. ಆದರೆ ಸ್ಲಾಟಿನೊಳಗೆ ತಾಮ್ರ ಉಳಿದರೆ ಎರಕ ಗಟ್ಟಿಯಾಗುತ್ತದೆ. ಮೆತ್ತನೆಯ ಡಕ್ಟೈಲ್ ಎರಕ ಮಾಡುವವರು ಅಂಥ ತಗಡನ್ನು ವಾಪಸ್ ಕಳಿಸುತ್ತಾರೆ. ಅಲ್ಯೂಮಿನಿಯಂ ರೋಟರ್ ಬೀಡಿನ ರಾಶಿಯಲ್ಲಿ ಸೇರಿದರೆ ಇನ್ನೂ ತೊಂದರೆ. ತೀರಾ ಸ್ವಲ್ಪ ಅಲ್ಯೂಮಿನಿಯಂ ಕರಗಿದರೂ ಎರಕದ ಮೇಲ್ಮೈ ಕೆಳಗೆ ಸೂಜಿಮೊನೆಯಂಥ ತೂತು ಬೀಳುತ್ತವೆ, ಮಷೀನಿಂಗ್ ಮಾಡುವಾಗಷ್ಟೇ ಅವು ಕಾಣುವುದು.

ಮೋಟರ್ ಬಾಡಿ, ಪಂಪಿನ ಬೌಲ್ ಇವು ಬೀಡು. ಸುತ್ತಿಗೆಯಿಂದ ಹೊಡೆದರೆ ಬಾಗದೆ ಒಡೆಯುತ್ತದೆ, ಒಡೆದ ಮುಖ ಬೂದು ಹರಳು. ಒಂದು ಕೋರಿಕೆ ಇದೆ: ಬಾಯಿ ಮುಚ್ಚಿದ ಯಾವ ವಸ್ತುವನ್ನೂ ಫೌಂಡ್ರಿ ಮಾಲಿನಲ್ಲಿ ಹಾಕಬೇಡಿ. ಫ್ರಿಜ್ಜಿನ ಕಂಪ್ರೆಸರ್, ಎರಡೂ ತುದಿ ಮುಚ್ಚಿದ ಕೊಳವೆ, ನೀರು ನಿಂತ ಮೋಟರ್ ಶೆಲ್. ಕರಗಿದ ಕಬ್ಬಿಣದೊಳಗೆ ಒಂದು ಲೋಟ ನೀರು ಸಿಕ್ಕಿಕೊಂಡರೆ ಅದು ಕ್ಷಣದಲ್ಲಿ ಆವಿಯಾಗಿ ಫರ್ನೇಸಿನ ದ್ರವವನ್ನೇ ಮೇಲಕ್ಕೆ ಎಸೆಯುತ್ತದೆ. ಮುಂದೆ ನಿಂತ ಕಾರ್ಮಿಕರಿಗೆ ತಪ್ಪಿಸಿಕೊಳ್ಳಲು ಸಮಯ ಇರುವುದಿಲ್ಲ.

ಗೋಳಗುಮ್ಮಟ ಟೆಕ್

ಉಳಿದವು. ಓವನ್, ಟಿವಿ, ಫ್ರಿಜ್, ಬ್ಯಾಟರಿ ನಾಲ್ಕನ್ನೂ ಇಡಿಯಾಗಿ ಕೊಡ್ರಿ ಅನ್ನೋದು ನನ್ನ ಅಭಿಪ್ರಾಯ.

ಮೈಕ್ರೋವೇವಿನ ಟ್ರಾನ್ಸ್‌ಫಾರ್ಮರ್ 2,000 ವೋಲ್ಟಿನ ಆಸುಪಾಸು ಕೊಡ್ತದ, ಜೋಡಿಗಿರೋ ಕೆಪಾಸಿಟರ್ 1 ಮೈಕ್ರೋಫ್ಯಾರಡಿನದು. ಅದನ್ನ ಖಾಲಿ ಮಾಡೋ ರೆಸಿಸ್ಟರ್ ಒಳಗ ಇರ್ತದ, ಆದ್ರ ಅದು ಕೆಟ್ಟಿದ್ರ ಹೊರಗ ತಿಳಿಯಂಗಿಲ್ಲ. ಮನಿ ಮಲ್ಟಿಮೀಟರ್ ಅಷ್ಟು ವೋಲ್ಟೇಜಿಗೆ ತಾಳಂಗಿಲ್ಲ. ಮ್ಯಾಗ್ನೆಟ್ರಾನಿನ (ಮೈಕ್ರೋವೇವ್ ಹುಟ್ಟಿಸೋ ಭಾಗ) ಪಿಂಗಾಣಿ ಬಳಿ ಒಡಿಬಾರದು, ಕೆಲವೊಂದ್ರಾಗ ಬೆರಿಲಿಯಂ ಆಕ್ಸೈಡ್ ಅನ್ನೋ ವಿಷದ ಪುಡಿ ಇರಬಹುದು. ಈ ಟ್ರಾನ್ಸ್‌ಫಾರ್ಮರಿಗೆ ಕರೆಂಟ್ ಕೊಟ್ಟು ಹಲಗಿ ಮ್ಯಾಲ ಮಿಂಚಿನ ಚಿತ್ತಾರ ಸುಡೋ ವೀಡಿಯೋ ಓಡಾಡ್ತಾವ. ಅದರಿಂದ ಜನ ಸತ್ತಾರ. ಮನಿ ಆರ್‌ಸಿಸಿಬಿ (ಕರೆಂಟ್ ಸೋರಿದ್ರ ಬೀಳೋ ಸ್ವಿಚ್) ಆ ಕಡಿ ಸೋರಿಕಿ ನೋಡಂಗಿಲ್ಲ, ಟ್ರಿಪ್ ಆಗಂಗಿಲ್ಲ. ದಯವಿಟ್ಟು ಹುಡುಗ್ರ ಕೈಗೆ ಅದು ಸಿಗದಂಗ ನೋಡ್ರಿ.

ಡಬ್ಬಿ ಟಿವಿಯ ಗಾಜಿನೊಳಗ ಸೀಸ, ಕೊಳವಿಯೊಳಗ ನಿರ್ವಾತ. ಕುತ್ತಿಗಿ ಮುರದ್ರ ಗಾಜು ಒಳಗ ಕುಸಿದು ಹೊರಗ ಚಿಮ್ಮತದ. ಕುತ್ತಿಗಿ ಮ್ಯಾಲಿನ ಯೋಕ್ ಅನ್ನೋ ಸುರುಳಿಯ ತಾಮ್ರದ ಆಸೆಗೆ ಇಷ್ಟು ಗಂಡಾಂತರ ಬ್ಯಾಡ.

ಫ್ರಿಜ್ಜಿನ ಕಂಪ್ರೆಸರ್ ಮ್ಯಾಲ ಚೀಟಿ ನೋಡ್ರಿ. ಆರ್600ಎ ಅಂತಿದ್ರ ಅದು ಐಸೋಬ್ಯೂಟೇನ್, ಅಡಿಗಿ ಗ್ಯಾಸಿನಂಗ ಹತ್ಕೊಳ್ಳೋದು. ಗ್ರೈಂಡರ್ ಕಿಡಿ ಸಾಕು. ಯಾವ ಗ್ಯಾಸ್ ಇದ್ರೂ ಪೈಪ್ ಕತ್ತರಿಸಿ ಗಾಳಿಗೆ ಬಿಡಬಾರದು, ಎಸಿ ಮೆಕ್ಯಾನಿಕ್ ಹತ್ರ ಸಿಲಿಂಡರಿಗೆ ಎಳಸ್ರಿ.

ಬ್ಯಾಟರಿ ಒಡದು ಸೀಸ ತಗಿಯೋ ಕೆಲಸ ಮನ್ಯಾಗಂತೂ ಬ್ಯಾಡವೇ ಬ್ಯಾಡ. ಸೀಸದ ಧೂಳು ಬಟ್ಟಿ ಮ್ಯಾಲ ಕುಂತು ಮನಿ ಸೇರ್ತದ, ಕೂಸಿನ ಮೆದುಳಿಗೆ ಬಡೀತದ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮದ ಪ್ರಕಾರ ಹಳೇ ಬ್ಯಾಟರಿ ಮರಳಿ ತಗೊಳ್ಳೋ ಹೊಣೆ ತಯಾರಕರ ಮ್ಯಾಲದ. ಬಿಚ್ಚುವಾಗ ಉಂಗುರ, ವಾಚು ತಗದಿಡ್ರಿ. ಮೊದಲ ಮೈನಸ್ ಬಿಚ್ಚಬೇಕು. ಪಾನಾ ಎರಡೂ ಟರ್ಮಿನಲ್ಲಿಗೆ ತಾಗಿದ್ರ ನೂರಾರು ಆಂಪಿಯರ್ ಹರಿದು ಪಾನಾನೇ ಬೆಸಕೊಳ್ತದ. ಆಸಿಡ್ ಚೆಲ್ಲಿದ್ರ ಅಡಿಗಿ ಸೋಡಾ ಉದುರಿಸ್ರಿ, ನೊರೆ ನಿಲ್ಲೋವರೆಗೂ.

ಇಂಡಿ ಲಿಂಬಿ

ಸ್ಟಾರ್ಟರಿನ ಪಾಯಿಂಟಿನ್ಯಾಗ ಬೆಳ್ಳಿ, ಇನ್ವರ್ಟರ್ ಬೋರ್ಡಿನ್ಯಾಗ ಬಂಗಾರ ಅದ ಅಂತಾರ. ಆಸಿಡ್ ಹಾಕಿ ತಗಿಯೋದು ಹೆಂಗ್ರಿ?

ವೈಂಡಿಂಗ್ ಗೋಕಾಕ

ಬೆಳ್ಳಿ ಖರೆ, ಆದ್ರ ಮಿಶ್ರಲೋಹ. ಹಳೇ ಕಾಂಟ್ಯಾಕ್ಟರಿನ (ಸ್ಟಾರ್ಟರಿನೊಳಗಿನ ಕಾಯಿಲ್ ಸ್ವಿಚ್) ಪಾಯಿಂಟ್ ಬೆಳ್ಳಿ ಮತ್ತ ಕ್ಯಾಡ್ಮಿಯಂ ಆಕ್ಸೈಡಿನದು ಇರ್ತೈತಿ. ಅರ ಹಚ್ಚಬ್ಯಾಡ್ರಿ, ಕರಗಸಬ್ಯಾಡ್ರಿ. ಕಟ್ಟರಿನಿಂದ ಪಾಯಿಂಟ್ ಇರೋ ತಾಮ್ರದ ಪಟ್ಟಿ ತುಂಡು ಕತ್ತರಿಸಿ ಡಬ್ಬ್ಯಾಗ ಕೂಡಿಸಿ, ಕಾಂಟ್ಯಾಕ್ಟ್ ಮಾಲು ಅಂತ ಬ್ಯಾರೆ ಮಾರ್ರಿ. ಕಾಯಿಲ್ ಓಮ್ ತೋರಿಸಿದ್ರ ಅದನ್ನೂ, ಓವರ್‌ಲೋಡ್ ರಿಲೇನೂ ಬಿಚ್ಚದ ಇಟ್ಟುಕೊಳ್ರಿ, ಬಿಡಿಭಾಗಕ್ಕ ಗಿರಾಕಿ ಐತಿ. ಹಳೇ ಪಿಂಗಾಣಿ ಫ್ಯೂಸಿನ್ಯಾಗ, ಹಳೇ ಇಸ್ತ್ರಿ ಪೆಟ್ಟಿಗ್ಯಾಗ ಬೆಳ್ಳನ್ನ ನಾರಿನಂಥ ಹಾಳಿ ಕಂಡ್ರ ಅದು ಕಲ್ನಾರು ಇರಬಹುದು. ಊದಬ್ಯಾಡ್ರಿ, ಬ್ರಷ್ ಹೊಡಿಬ್ಯಾಡ್ರಿ. ನೀರು ಚಿಮುಕಿಸಿ ಪ್ಲಾಸ್ಟಿಕ್ ಚೀಲದಾಗ ಕಟ್ಟಿಬಿಡ್ರಿ.

ಬೋರ್ಡಿಗೆ ಆಸಿಡ್ ಹಾಕೋ ವಿಚಾರ ಬಿಡ್ರಿ. ಇನ್ವರ್ಟರಿನ ಪವರ್ ಬೋರ್ಡಿನ್ಯಾಗ ಬಂಗಾರ ಇಲ್ಲದಷ್ಟ. ನೈಟ್ರಿಕ್ ಆಸಿಡ್ಡಿನ ಕೆಂಪು ಹೊಗಿ ಪುಪ್ಪುಸಕ್ಕ ಹೋದ್ರ ಆ ಹೊತ್ತಿಗೆ ಕೆಮ್ಮು ಅಷ್ಟ, ರಾತ್ರಿ ಉಸಿರು ಕಟ್ಟತೈತಿ. ಬೋರ್ಡಿಂದ ಹೀಟ್‌ಸಿಂಕ್, ಫ್ಯಾನ್, 12 ವೋಲ್ಟ್ ರಿಲೇ ಬಿಚ್ಚಿಕೊಂಡು ಉಳಿದದ್ದು ಇಡಿಯಾಗಿ ಮಾಲಿನ್ಯ ನಿಯಂತ್ರಣ ಮಂಡಳಿ ಪರವಾನಗಿ ಇರೋ ಇ-ತ್ಯಾಜ್ಯದವ್ರಿಗೆ ಕೊಡ್ರಿ. ಇನ್ವರ್ಟರಿನ ನಿಜವಾದ ಮಾಲು ಅದರ ಟ್ರಾನ್ಸ್‌ಫಾರ್ಮರ್.

ತಕ್ಕಡಿ ಜಮಖಂಡಿ

ಮಾರೋ ಮುಂಚೆ ಒಂದು ಮಾತು. ಬೋರಿನ ಕೇಬಲ್ ಕಳುವು ಈ ಕಡೆ ರೈತರಿಗೆ ದೊಡ್ಡ ಪೆಟ್ಟು. ಅದಕ್ಕ ಸುಲಿದ ತಾಮ್ರ ಒಮ್ಮೆಲೇ 16 ಕಿಲೋ ತಂದ್ರ ಸಾಚಾ ವ್ಯಾಪಾರಿ ಕೇಳಿಯೇ ಕೇಳ್ತಾನ. ಮೋಟರ್, ಕೇಬಲ್ ಖರೀದಿ ಬಿಲ್ ಇದ್ರ ಜೋಡಿ ಒಯ್ಯಿರಿ, ಇಲ್ಲಂದ್ರ ಸುಲಿಯೋಕಿಂತ ಮೊದಲ ಮೋಟರಿನ ನಾಮಫಲಕ ಸಹಿತ ಫೋಟೋ ತಗೀರಿ. ವಿದ್ಯುತ್ ಕಂಪನಿಯ ಲೈನಿನ ಅಲ್ಯೂಮಿನಿಯಂ ತಂತಿ, ಟಿಸಿ (ಟ್ರಾನ್ಸ್‌ಫಾರ್ಮರ್) ಸಾಮಾನು ಯಾರಾದ್ರೂ ತಂದು ಕೊಟ್ರ ತಗೋಬ್ಯಾಡ್ರಿ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 136ನೇ ಕಲಂ ಕದ್ದವ್ರಿಗೆ, 137 ಕೊಂಡವ್ರಿಗೆ. ಎರಡಕ್ಕೂ 3 ವರ್ಷದತನಕ ಶಿಕ್ಷೆ ಐತಿ.

ಚೀಲ ಹಿಂಗ ಮಾಡ್ರಿ: ಹೊಳಿಯೋ ತಾಮ್ರ, ಎನಾಮಲ್ ತಾಮ್ರ, ಸುಟ್ಟು ಕರ್ರಗಾದ ತಾಮ್ರ, ಮೂರೂ ಬ್ಯಾರೆ. ಒಂದ ಚೀಲದಾಗ ಕೂಡಿದ್ರ ಎಲ್ಲಕ್ಕೂ ಕಡೀ ದರ. ಹಿತ್ತಾಳಿ ಟರ್ಮಿನಲ್ಲಿನ್ಯಾಗ ಸಿಕ್ಕ ಕಬ್ಬಿಣದ ಸ್ಕ್ರೂ ತಗದುಬಿಡ್ರಿ, ಅಯಸ್ಕಾಂತ ಆಡಿಸಿದ್ರ ತಿಳೀತೈತಿ. ಮನ್ಯಾಗ ಮೊದಲ ತೂಕ ಮಾಡಿ ಚೀಲದ ಮ್ಯಾಲ ಬರೀರಿ.

ಲೋಕಾಪುರ ರೈತ

ಎಲ್ಲಾರಿಗೂ ಶರಣು. ಓವನ್, ಟಿವಿ, ಫ್ರಿಜ್, ಬ್ಯಾಟರಿ ಬಿಚ್ಚಂಗಿಲ್ಲ. ವಿ6 ಬಿಚ್ಚಿ ಆತು, ರೋಟರಿನ ಬಳಿ ಅರ ತಿಕ್ಕಿದ್ರ ಕೆಂಪಗೈತಿ. ಸ್ಟೇಟರಿನ್ಯಾಗ ನಾಲ್ಕು ಸ್ಲಾಟ್ ಕರಗಿ ಅಂಟಿ ಕುಂತಾವು, ತಂತಿ ಎಳದ್ರ ತುಂಡಾಗ್ತೈತಿ. ಏನು ಮಾಡ್ಲಿ?

ವೈಂಡಿಂಗ್ ಗೋಕಾಕ

ತುಂಡಾದ್ರ ಆಗಲಿ, ಎಳಿಬ್ಯಾಡ್ರಿ, ದೂಡ್ರಿ. ಸ್ಲಾಟಿನ ಅಗಲಕ್ಕಿಂತ ಒಂದು ಮಿ.ಮೀ. ಸಣ್ಣ ಇರೋ ಉದ್ದ ಕಬ್ಬಿಣದ ಸಳಿ, ಮೊಂಡ ತುದೀದು ಇರಬೇಕು. ಎರಡೂ ಕಡೆ ತಲಿ ಕತ್ತರಿಸಿ, ಸ್ಟೇಟರ್ ಎರಡು ಹಲಗಿ ಮ್ಯಾಲ ನಿಲ್ಲಿಸ್ರಿ, ಕೆಳಗ ತಂತಿ ಇಳಿಯಾಕ ಜಾಗ ಬಿಡ್ರಿ. ಮ್ಯಾಲಿಂದ ಸಳಿ ಇಟ್ಟು ಒಂದ ಕಿಲೋ ಸುತ್ತಿಗಿಲೇ ಸಣ್ಣ ಸಣ್ಣ ಪೆಟ್ಟು. ಮೊದಲ ಒಂದು ಇಂಚು ಸರಿಯೋದ ತ್ರಾಸು, ಆಮೇಲೆ ಗಂಟು ಇಡಿಯಾಗಿ ಇಳೀತೈತಿ. ಅದು ಕರ್ರನ್ನ ತಾಮ್ರದ ಚೀಲಕ್ಕ ಹೋಗಲಿ.